ಕ್ಲಿಕ್ ಮಾಡ್ದೋರು ಒಬ್ರು, ಆರ್ಸಿದೋರು ಇನ್ನೊಬ್ರು

ಸ್ಟ್ರೀಟ್ ಫೋಟೋಗ್ರಫಿ ಬಗ್ಗೆ ಏನೇ ಓದಿ, ಯಾವ ವಿಡಿಯೋನೇ ನೋಡಿ, ಮಾತು ಒಂದೇ: ಆ ಕ್ಷಣ. ಕಣ್ಣು ಚುರುಕಾಗಿರ್ಬೇಕು, ಬೆರಳು ಶಟರ್ ಮೇಲೇ ಇರ್ಬೇಕು, ಕಾಯ್ಬೇಕು, ಹಿಡೀಬೇಕು. ಸುಳ್ಳು ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ಈ ದೊಡ್ಡ ದೊಡ್ಡ ಹೆಸರಿನೋರ ಕಥೆಗಳನ್ನ ಓದ್ತಾ ಓದ್ತಾ ನಂಗೆ ಒಂದು ಅನುಮಾನ ಗಟ್ಟಿಯಾಗ್ತಾ ಬಂದಿದೆ. ರಸ್ತೇಲಿ ಕ್ಲಿಕ್ ಮಾಡೋದಕ್ಕಿಂತ ದೊಡ್ಡ ಕೆಲ್ಸ ಆಮೇಲೆ ಮನೇಲಿ ಕೂತು ಆ ರಾಶಿಯೊಳಗಿಂದ ಯಾವ್ದನ್ನ ಎತ್ತಿಡ್ಬೇಕು ಅಂತ ತೀರ್ಮಾನ ಮಾಡೋದು, ಮತ್ತೆ ಎಷ್ಟೋ ಸಲ ಆ ತೀರ್ಮಾನ ಮಾಡಿರೋದು ಫೋಟೋಗ್ರಾಫರೇ ಅಲ್ಲ, ಬೇರೆ ಯಾರೋ!

ಭಾನುವಾರ ಬೆಳಿಗ್ಗೆ ಕೆ.ಆರ್. ಮಾರ್ಕೆಟ್ ಕಡೆ ಹೋಗಿ ನೋಡಿ, ಹೂವಿನ ಮಂಡಿ ಒಳಗೆ ಹೂವು ಕೊಳ್ಳೋರಿಗಿಂತ ಕ್ಯಾಮೆರಾ ಹಿಡ್ಕೊಂಡೋರೇ ಜಾಸ್ತಿ ಅನ್ಸುತ್ತೆ, ಮೇಲಿನ ಮಹಡಿ ಕಟಾಂಜನದ ಹತ್ರ ಸಾಲಾಗಿ ನಿಂತು ಎಲ್ರೂ ಕೆಳಗಿನ ಅದೇ ಚೆಂಡುಹೂವಿನ ರಾಶಿ ತೆಗೀತಿರ್ತಾರೆ (ನಾನೂ ಅಲ್ಲೇ ಇರ್ತೀನಿ, ಅದು ಬೇರೆ ಮಾತು). ಮುಗಿಸ್ಕೊಂಡು ಕಾಫಿ ಕುಡಿಯೋಕೆ ಕೂರೋ ಹೊತ್ತಿಗೆ ಅರ್ಧ ಜನ ಆಗ್ಲೇ ಇನ್‌ಸ್ಟಾಗೆ ಹಾಕಿ ಆಗಿರುತ್ತೆ. ಇದನ್ನ ನೋಡ್ದಾಗೆಲ್ಲ ನಂಗೆ ಫೋಟೋಗ್ರಾಫರ್ ರಾಬರ್ಟ್ ಫ್ರಾಂಕ್ ನೆನಪಾಗ್ತಾನೆ.

ಫ್ರಾಂಕ್ ಸ್ವಿಟ್ಜರ್ಲೆಂಡಿನೋನು, 1924ರಲ್ಲಿ ಹುಟ್ಟಿದ್ದು, ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿಗೆ ಹೋದ. 1955ರಲ್ಲಿ ಗುಗನ್‌ಹೈಮ್ ಫೆಲೋಶಿಪ್ (ಕೆಲ್ಸ ಮಾಡೋಕೆ ಕೊಡೋ ಧನಸಹಾಯ) ಸಿಕ್ತು, ಅರ್ಜಿ ಹಾಕೋಕೆ ಸಹಾಯ ಮಾಡಿದ್ದು ಹಿರಿಯ ಫೋಟೋಗ್ರಾಫರ್ ವಾಕರ್ ಇವಾನ್ಸ್. ಒಂದು ಹಳೇ ಫೋರ್ಡ್ ಕಾರು, ಲೈಕಾ ಕ್ಯಾಮೆರಾ, ಅಷ್ಟೇ, ಅಮೆರಿಕಾ ಪೂರ್ತಿ ಸುತ್ತೋಕೆ ಶುರು ಮಾಡ್ದ. ಆರ್ಕನ್ಸಾದಲ್ಲಿ ಪೊಲೀಸ್ರು ಹಿಡ್ಕೊಂಡು ಗಂಟೆಗಟ್ಲೆ ಕೂರಿಸಿದ್ರು, ಯಾಕಂದ್ರೆ ಇವನ ಇಂಗ್ಲಿಷ್ ಉಚ್ಚಾರಣೆ ವಿಚಿತ್ರ, ಗಡ್ಡ ಕೆರೆದಿಲ್ಲ, ಕಾರಲ್ಲಿ ಕ್ಯಾಮೆರಾಗಳು, ಕಮ್ಯುನಿಸ್ಟ್ ಇರ್ಬೇಕು ಅಂತ. ಅದಾದ ಕೆಲವೇ ದಿನಕ್ಕೆ ನ್ಯೂ ಆರ್ಲಿಯನ್ಸಲ್ಲಿ ಆ ಟ್ರಾಲಿ, ಅಂದ್ರೆ ಬೀದಿ ಟ್ರಾಮಿನ ಫೋಟೋ. ಕಿಟಕಿ ಕಿಟಕೀಲಿ ಒಂದೊಂದು ಮುಖ, ಮುಂದೆ ಬಿಳಿಯರು ಹಿಂದೆ ಕರಿಯರು. ಒಂದೂ ಮಾತಿಲ್ಲದೆ ಇಡೀ ದೇಶದ ವ್ಯವಸ್ಥೆ ಸಾಲಾಗಿ ಕೂತಿದೆ ಅಲ್ಲಿ.

ಆದ್ರೆ ನಾನು ಹೇಳೋಕೆ ಹೊರಟಿದ್ದು ಆ ಫೋಟೋ ಬಗ್ಗೆ ಅಲ್ಲ. ಸುತ್ತಾಟ ಎಲ್ಲಾ ಮುಗಿದ ಮೇಲೆ ಅವನ ಹತ್ರ ಇದ್ದಿದ್ದು 767 ರೀಲು, 27,000ಕ್ಕೂ ಜಾಸ್ತಿ ಫ್ರೇಮು. ಅದ್ರಲ್ಲಿ ಒಂದು ಸಾವಿರದಷ್ಟು ಸಣ್ಣ ಸಣ್ಣ ಪ್ರಿಂಟ್ ಹಾಕಿ ಮನೆ ಗೋಡೆಗೆಲ್ಲ ಅಂಟಿಸಿದ, ನೆಲದ ಮೇಲೆ ಹರಡ್ದ, ದಿನಾ ನೋಡ್ದ, ತೆಗ್ದ, ಮತ್ತೆ ಅಂಟಿಸಿದ. ಕೊನೆಗೆ ‘ದಿ ಅಮೆರಿಕನ್ಸ್’ ಅನ್ನೋ ಅವನ ಪುಸ್ತಕಕ್ಕೆ ಬಂದಿದ್ದು 83. ಇಪ್ಪತ್ತೇಳು ಸಾವಿರದಲ್ಲಿ ಎಂಬತ್ತಮೂರು! ನಮ್ಮ ಕಡೆ ಮದುವೆ ಆಲ್ಬಂಗೇ ಇದಕ್ಕಿಂತ ಜಾಸ್ತಿ ಫೋಟೋ ಹಾಕ್ತಾರಪ್ಪಾ.

ಬರೀ ಆರಿಸಿದ್ದಲ್ಲ, ಜೋಡಿಸಿದ್ದೂ ನೋಡ್ಬೇಕು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚಲ್ಲಿ ಎರಡು ಪಾಮ್ ಮರದ ಮಧ್ಯೆ ಒಂದು ಕಾರು ನಿಂತಿದೆ, ಪೂರ್ತಿ ಬಟ್ಟೆ ಹೊದಿಸಿದಾರೆ, ಬಿಸಿಲು, ಎಲ್ಲಾ ನೀಟು. ಪುಟ ತಿರುಗಿಸಿದ್ರೆ ಅರಿಜೋನಾದ ಹೆದ್ದಾರಿ ಪಕ್ಕ ಆಕ್ಸಿಡೆಂಟ್ ಆಗಿದೆ, ನೆಲದ ಮೇಲೆ ಕಂಬಳಿ ಹೊದಿಸಿದ ಹೆಣ, ಸುತ್ತ ನಾಲ್ಕು ಜನ ಸುಮ್ನೆ ನಿಂತಿದಾರೆ. ಕಾರಿಗೂ ಹೊದಿಕೆ, ಹೆಣಕ್ಕೂ ಹೊದಿಕೆ. ಎರಡು ಫೋಟೋಗೂ ಮಧ್ಯೆ ನೂರಾರು ಮೈಲಿ ದೂರ ಇದೆ. ಇವನು ಅವೆರಡನ್ನ ಒಂದರ ಹಿಂದೆ ಒಂದು ಇಟ್ಟಿದ್ದಕ್ಕೇ ಅಲ್ಲೊಂದು ಮೂರನೇ ಅರ್ಥ ಹುಟ್ಟಿದ್ದು. ಇದು ರಸ್ತೇಲಿ ಆಗಿದ್ದಲ್ಲ, ಮನೆ ಗೋಡೆ ಮುಂದೆ ಆಗಿದ್ದು. ಪುಸ್ತಕ 1958ರಲ್ಲಿ ಪ್ಯಾರಿಸಲ್ಲಿ ಬಂತು, 1959ರಲ್ಲಿ ಅಮೆರಿಕಾದಲ್ಲಿ, ಅಲ್ಲಿನ ಒಂದು ಫೋಟೋ ಮ್ಯಾಗಜೀನ್ ಮಸುಕು, ಓರೆ, ಅಜಾಗರೂಕತೆ ಅಂತೆಲ್ಲ ಉಗಿದಿತ್ತು. ಒಂದೊಂದೇ ಫೋಟೋ ತಗೊಂಡು ನೋಡಿದ್ರೆ ಕೆಲವು ಹಾಗೇ ಕಾಣುತ್ವೆ ಕೂಡ. ಇಡೀ ಪುಸ್ತಕ ಒಂದು ಏಟಿಗೆ ನೋಡಿದ್ರೆ ಹಾಗೆ ಅನ್ಸಲ್ಲ.

ಈಗಿನ ಹುಡುಗರಿಗೆ ಕಾಂಟ್ಯಾಕ್ಟ್ ಶೀಟ್ ಅಂದ್ರೆ ಗೊತ್ತಿರೋದು ಕಡಿಮೆ, ಅದಕ್ಕೆ ಚೂರು ಹೇಳ್ತೀನಿ. 36 ಫ್ರೇಮಿನ ರೀಲ್ ತೊಳೆದ ಮೇಲೆ ನೆಗೆಟಿವ್‌ನ ಆರಾರು ಫ್ರೇಮಿನ ಪಟ್ಟಿಗಳಾಗಿ ಕತ್ತರಿಸಿ, ಎಲ್ಲಾ ಪಟ್ಟಿಗಳನ್ನ ಒಂದೇ ಫೋಟೋ ಪೇಪರ್ ಮೇಲೆ ಜೋಡಿಸಿ, ಮೇಲೆ ಗಾಜು ಒತ್ತಿ ಲೈಟ್ ಬಿಡೋದು. ಪೂರ್ತಿ ರೀಲು ಒಂದೇ ಹಾಳೇಲಿ, ಒಂದೊಂದು ಫೋಟೋ ಅಂಚೆ ಚೀಟಿಗಿಂತ ಚೂರು ದೊಡ್ಡದು. ಭೂತಗನ್ನಡಿ ಇಟ್ಕೊಂಡು ನೋಡಿ ಬೇಕಾದ್ದಕ್ಕೆ ಕೆಂಪು ಪೆನ್ಸಿಲಲ್ಲಿ ಚೌಕ ಹಾಕೋದು. ಇದ್ರ ಮಜಾ ಏನಂದ್ರೆ ಏನೂ ಮುಚ್ಚಿಡೋಕಾಗಲ್ಲ. ಫೋಟೋಗ್ರಾಫರ್ ಎಲ್ಲಿ ಹೆದರಿದ, ಎಲ್ಲಿ ಹತ್ರ ಹೋದ, ಯಾವ ಫ್ರೇಮಲ್ಲಿ ತಪ್ಪಿಸಿಕೊಂಡ, ಎಲ್ಲಾ ಸಾಲಾಗಿ ಇರುತ್ತೆ. ಮೊಬೈಲಲ್ಲಿ ಆಗಿಂದಾಗ್ಲೇ ಡಿಲೀಟ್ ಮಾಡೋ ನಮಗೆ ಆ ಸಾಲು ಇಲ್ಲ.

ಇದು ಗೊತ್ತಿದ್ದೇ ಇರ್ಬೇಕು ಫ್ರಾನ್ಸಿನ ಫೋಟೋಗ್ರಾಫರ್ ಕಾರ್ಟಿಯೇ ಬ್ರೆಸೋ ತನ್ನ ಸಾಲುಗಳನ್ನ ಕತ್ತರಿಸಿ ಹಾಕಿದ್ದು. ಹೌದು, ಆ ಕ್ಷಣದ ದೇವರು ಅಂತ ಎಲ್ರೂ ಕೈಮುಗಿಯೋ ಮಹಾನುಭಾವನೇ. 1939ರಲ್ಲಿ, ಯುದ್ಧ ಶುರುವಾಗೋ ಹೊತ್ತಲ್ಲಿ, ತನ್ನ ಹಳೇ ನೆಗೆಟಿವ್‌ಗಳನ್ನೆಲ್ಲ ಕೂತು ನೋಡಿ, ಬೇಕು ಅನ್ಸಿದ ಫ್ರೇಮ್‌ಗಳನ್ನ ಮಾತ್ರ ಕತ್ತರಿಸಿ ಒಂದು ಬಿಸ್ಕತ್ ಡಬ್ಬೀಲಿ ಇಟ್ಟು ಉಳಿದಿದ್ದನ್ನ ನಾಶ ಮಾಡಿಬಿಟ್ಟ. ಮುಂದಿನ ವರ್ಷ ಜರ್ಮನ್ನರ ಕೈಗೆ ಸಿಕ್ಕಿ ಸೆರೆಯಾಳಾದ, ಎರಡು ಸಲ ತಪ್ಪಿಸಿಕೊಳ್ಳೋಕೆ ನೋಡಿ ಸಿಕ್ಕಿಬಿದ್ದು ಮೂರನೇ ಸಲಕ್ಕೆ, 1943ರಲ್ಲಿ, ಪಾರಾದ. ಡಬ್ಬಿನೂ ಉಳೀತು.

ಹಾಗಾಗಿ 1932ರ ಆ ಫೇಮಸ್ ಫೋಟೋ, ಪ್ಯಾರಿಸಿನ ಸೇಂಟ್ ಲಜಾರ್ ರೈಲ್ವೆ ಸ್ಟೇಷನ್ ಹಿಂದೆ ನೀರಿನ ಮೇಲೆ ಹಾರ್ತಿರೋ ಮನುಷ್ಯ, ಹಿಮ್ಮಡಿ ಇನ್ನೇನು ನೀರಿಗೆ ತಾಗ್ಬೇಕು, ಹಿಂದಿನ ಗೋಡೆಯ ಪೋಸ್ಟರಲ್ಲಿ ಒಬ್ಬ ಡ್ಯಾನ್ಸರ್ ಕೂಡ ಅದೇ ಥರ ಹಾರ್ತಿದಾಳೆ, ಅದ್ರ ಹಿಂದು ಮುಂದಿನ ಫ್ರೇಮಲ್ಲಿ ಏನಿತ್ತು ಅಂತ ನೋಡೋಕೆ ಯಾರಿಗೂ ಸಾಧ್ಯ ಇಲ್ಲ. ಇನ್ನೊಂದು ವಿಷ್ಯ. ಫೋಟೋನ ಯಾವತ್ತೂ ಕ್ರಾಪ್ ಮಾಡ್ಬಾರ್ದು, ಫ್ರೇಮಿನ ಕಪ್ಪು ಅಂಚು ಸಮೇತ ಪ್ರಿಂಟ್ ಹಾಕ್ಬೇಕು ಅಂತ ಶಿಸ್ತು ಮಾಡ್ತಿದ್ದ ಇದೇ ಮನುಷ್ಯ ಈ ಫೋಟೋನ ಕ್ರಾಪ್ ಮಾಡಿದಾನೆ. ಹಲಗೆ ಬೇಲಿಯ ಸಂದೀಲಿ ಲೆನ್ಸ್ ತೂರಿಸಿ ತೆಗೆದಿದ್ದು, ಎಡಗಡೆ ಹಲಗೆ ಅಡ್ಡ ಬಂದಿತ್ತು, ಕತ್ತರಿಸಿದ. ಸರಿಯಾಗೇ ಮಾಡ್ದ ಅಂತೀನಿ ನಾನು. ಫೇಸ್‌ಬುಕ್ ಗ್ರೂಪಲ್ಲಿ ಕ್ರಾಪ್ ಮಾಡಿದೋರನ್ನ ಅಪರಾಧಿ ಥರ ನೋಡೋರು ಇದನ್ನ ಒಂದ್ಸಲ ನೆನಪಿಸ್ಕೊಂಡ್ರೆ ಒಳ್ಳೇದು.

ನಮ್ಮ ದೇಶಕ್ಕೂ ಬಂದಿದ್ದ ಅವನು. 1947ರಲ್ಲಿ ರಾಬರ್ಟ್ ಕಾಪಾ, ಡೇವಿಡ್ ಸೀಮೋರ್, ಜಾರ್ಜ್ ರಾಡ್ಜರ್ ಈ ಫೋಟೋಗ್ರಾಫರುಗಳ ಜೊತೆ ಸೇರಿ ಮ್ಯಾಗ್ನಮ್ ಅನ್ನೋ ಫೋಟೋ ಏಜೆನ್ಸಿ ಕಟ್ಟಿದ ಮೇಲೆ ಏಷ್ಯಾ ಭಾಗ ಇವನಿಗೆ ಬಂತು, ಹೆಂಡತಿನೂ ಇಂಡೋನೇಷ್ಯಾದ ಜಾವಾದೋರು. 1948ರ ಜನವರಿ 30ರ ಮಧ್ಯಾಹ್ನ ದಿಲ್ಲಿಯ ಬಿರ್ಲಾ ಹೌಸಲ್ಲಿ ಗಾಂಧೀಜಿನ ಕಂಡು, ತನ್ನ ಪ್ರದರ್ಶನದ ಕ್ಯಾಟಲಾಗ್ ತೋರಿಸಿ ಹೊರಗೆ ಬಂದ, ಸ್ವಲ್ಪ ಹೊತ್ತಿಗೆ ಗುಂಡಿನ ಸುದ್ದಿ. ವಾಪಸ್ ಓಡಿ ಬಂದು ತೆಗೆದಿದ್ದೇ ಗೇಟ್ ಹತ್ರ ನೆಹರು ಜನರಿಗೆ ಸಾವಿನ ಸುದ್ದಿ ಹೇಳ್ತಿರೋ ಫೋಟೋ, ಆಮೇಲೆ ಅಂತ್ಯಸಂಸ್ಕಾರದ್ದು. ಭಾರತ, ಬರ್ಮಾ, ಚೀನಾ, ಇಂಡೋನೇಷ್ಯಾ ಅಂತ ಹತ್ತತ್ರ ಮೂರು ವರ್ಷ ಏಷ್ಯಾದಲ್ಲೇ ಓಡಾಡ್ಕೊಂಡಿದ್ದ. ರೀಲುಗಳನ್ನ ತೊಳೆಸ್ದೇ ಹಾಗೇ ವಿಮಾನದಲ್ಲಿ ಕಳಿಸಿಬಿಡೋದು, ಪ್ಯಾರಿಸ್ಸಲ್ಲೋ ನ್ಯೂಯಾರ್ಕಲ್ಲೋ ಯಾರೋ ತೊಳೀತಾರೆ, ಯಾರೋ ಆರಿಸ್ತಾರೆ, ಪತ್ರಿಕೇಲಿ ಅಚ್ಚಾಗುತ್ತೆ, ತೆಗೆದೋನು ಇಲ್ಲಿ ಇನ್ನೊಂದು ಊರಲ್ಲಿ ಇನ್ನೊಂದು ರೀಲ್ ಹಾಕ್ತಿರ್ತಾನೆ. ತನ್ನದೇ ಫೋಟೋ ತಿಂಗಳುಗಟ್ಲೆ ಕಣ್ಣಿಗೇ ಬಿದ್ದಿರಲ್ಲ. ಕ್ಷಣ ಇವನದ್ದು, ಆಯ್ಕೆ ಆಫೀಸಿನೋರದ್ದು.

ಗ್ಯಾರಿ ವಿನೋಗ್ರಾಂಡ್ ಕಥೆ ಇದಕ್ಕೂ ವಿಚಿತ್ರ. ನ್ಯೂಯಾರ್ಕಿನ ಬ್ರಾಂಕ್ಸ್ ಹುಡುಗ, ಅಗಲಕ್ಕೆ ಹಿಡಿಯೋ 28 ಎಂಎಂ ಲೆನ್ಸು, ಫಿಫ್ತ್ ಅವೆನ್ಯೂ ಮೇಲೆ ದಿನಾ ನಡೆಯೋದು, ಎದುರಿಗೆ ಬಂದೋರ ಮುಖದ ಹತ್ರಕ್ಕೇ ಕ್ಯಾಮೆರಾ. ಇವನದ್ದೊಂದು ಪದ್ಧತಿ ನಂಗೆ ತುಂಬಾ ಇಷ್ಟ. ತೆಗೆದ ರೀಲನ್ನ ತಕ್ಷಣ ತೊಳೀತಿರ್ಲಿಲ್ಲ, ಒಂದು ವರ್ಷ ಎರಡು ವರ್ಷ ಹಾಗೇ ಬಿಡ್ತಿದ್ದ. ಯಾಕಂದ್ರೆ ತೆಗೆದ ದಿನದ ಖುಷಿ ತಲೇಲಿ ಇರುತ್ತಲ್ಲ, ಆ ಖುಷೀಲಿ ಸುಮಾರಾದ ಫೋಟೋನೂ ಚೆನ್ನಾಗಿ ಕಾಣುತ್ತೆ. ಅದು ಮರೆತು ಹೋದ ಮೇಲೆ ಬೇರೆ ಯಾರೋ ತೆಗೆದಿದ್ದು ಅನ್ನೋ ಥರ ನೋಡ್ಬೇಕು ಅನ್ನೋದು ಅವನ ಲೆಕ್ಕ. ನಾನೂ ಈಗ ಕಾರ್ಡಿಂದ ಕಂಪ್ಯೂಟರಿಗೆ ಹಾಕಿ ಫೋಲ್ಡರ್ ಮುಚ್ಚಿಟ್ಟುಬಿಡ್ತೀನಿ. ಕಡಲೆಕಾಯಿ ಪರಿಷೆ ಫೋಟೋಗಳನ್ನ ಯುಗಾದಿ ಹೊತ್ತಿಗೆ ತೆಗೆದು ನೋಡಿದ್ರೆ ಎಂಥಾ ತಮಾಷೆ ಗೊತ್ತಾ, ಅವತ್ತು ಬೀಗ್ಕೊಂಡು ತೆಗೆದಿದ್ದು ಯಾವ್ದೂ ನಿಲ್ಲಲ್ಲ, ಬಸವಣ್ಣನ ಗುಡಿ ಮೆಟ್ಟಿಲ ಹತ್ರ ಸುಮ್ನೆ ಒತ್ತಿದ್ದು ಯಾವ್ದೋ ಒಂದು ನಿಂತಿರುತ್ತೆ.

ಆದ್ರೆ ವಿನೋಗ್ರಾಂಡ್ ವಿಷ್ಯದಲ್ಲಿ ಆ ಕಾಯೋದು ಎಲ್ಲಿಗೆ ಹೋಯ್ತು ನೋಡಿ. 1978ರ ಹೊತ್ತಿಗೆ ಲಾಸ್ ಏಂಜಲಿಸಿಗೆ ಹೋದ, ತೆಗೆಯೋದು ಜಾಸ್ತಿ ಆಗ್ತಾ ಹೋಯ್ತು, ನೋಡೋದು ಕಡಿಮೆ ಆಗ್ತಾ ಹೋಯ್ತು. ಯಾರೋ ಕಾರು ಓಡಿಸ್ತಿದ್ರೆ ಪಕ್ಕದ ಸೀಟಿಂದಾನೇ ಒತ್ತೋದು. 1984ರಲ್ಲಿ ಕ್ಯಾನ್ಸರಿಂದ ತೀರ್ಕೊಂಡಾಗ 56 ವರ್ಷ. ಮನೇಲಿ ಸಿಕ್ಕಿದ್ದು ತೊಳೆಯದೇ ಇರೋ ರೀಲೇ ಸುಮಾರು 2,500, ತೊಳೆದು ಕಾಂಟ್ಯಾಕ್ಟ್ ಶೀಟ್ ಹಾಕದೇ ಬಿಟ್ಟಿದ್ದು 6,500, ಶೀಟ್ ಹಾಕಿಯೂ ಸರಿಯಾಗಿ ನೋಡದ್ದು ಇನ್ನೊಂದು 3,000. ಲೆಕ್ಕ ಹಾಕಿ, ನಾಲ್ಕು ಲಕ್ಷ ಫ್ರೇಮಿನ ಮೇಲಾಗುತ್ತೆ. ಆ ರಾಶಿ ಮುಂದೆ ಕೂತೋರು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನ ಜಾನ್ ಸಾರ್ಕೋವ್‌ಸ್ಕಿ. 1988ರ ದೊಡ್ಡ ಪ್ರದರ್ಶನಕ್ಕೆ ಆರಿಸಿದ್ರು, ಕೊನೇ ವರ್ಷಗಳ ಕೆಲ್ಸದಲ್ಲಿ ಜೀವ ಇಲ್ಲ ಅನ್ನೋ ಥರ ಬರೆದ್ರು. 2013ರಲ್ಲಿ ಲಿಯೋ ರೂಬಿನ್‌ಫೀನ್ ಅದೇ ರಾಶಿನ ಇನ್ನೊಂದ್ಸಲ ಕೆದಕಿ, ಹಿಂದೆ ಯಾರೂ ಪ್ರಿಂಟೇ ಹಾಕದ ಎಷ್ಟೋ ಫೋಟೋ ಹೊರಗೆ ತಂದ್ರು. ಅಂದ್ರೆ ಒಂದೇ ರಾಶಿ, ಇಬ್ರು, ಇಬ್ಬರಿಗೂ ಸಿಕ್ಕಿದ್ದು ಬೇರೆ ಬೇರೆ ವಿನೋಗ್ರಾಂಡ್. ಅವನೇ ಇದ್ದಿದ್ರೆ ಮೂರನೇ ಬೇರೆ ಸಿಗ್ತಿದ್ನೇನೋ, ಇಲ್ಲಾ ಇನ್ನೂ ಒತ್ತುತ್ಲೇ ಇರ್ತಿದ್ನೇನೋ. ನನ್ನ ಕೇಳಿದ್ರೆ ಅವನ ಒಳ್ಳೇ ಕೆಲ್ಸ ಎಲ್ಲ ಅರವತ್ತರ ದಶಕದ್ದು. ಇದನ್ನ ಒಪ್ಪದ ಸ್ನೇಹಿತರು ಇದ್ದಾರೆ, ಒಪ್ಪಬೇಡಿ ಬಿಡಿ.

ವಿವಿಯನ್ ಮೇಯರ್ ಬಗ್ಗೆ ಎಲ್ರಿಗೂ ಗೊತ್ತಿರೋದ್ರಿಂದ ಬೇಗ ಹೇಳಿ ಮುಗಿಸ್ತೀನಿ. ಶಿಕಾಗೋದಲ್ಲಿ ಬೇರೆಯೋರ ಮಕ್ಕಳನ್ನ ನೋಡ್ಕೊಳ್ಳೋ ಕೆಲ್ಸ, ಕುತ್ತಿಗೇಲಿ ಚೌಕ ಫೋಟೋ ತೆಗೆಯೋ ರೋಲಿಫ್ಲೆಕ್ಸ್ ಕ್ಯಾಮೆರಾ, ಒಂದು ರೀಲಿಗೆ ಬರೀ 12 ಫೋಟೋ. 1959ರಲ್ಲಿ ಒಬ್ಬರೇ ಲೋಕ ಸುತ್ತಿದ್ರು, ಭಾರತಕ್ಕೂ ಬಂದಿದ್ರು. ಸಾಮಾನೆಲ್ಲ ಬಾಡಿಗೆ ಗೋಡೌನಲ್ಲಿ ಇಟ್ಟಿದ್ರು, ಬಾಡಿಗೆ ಕಟ್ಟೋಕಾಗ್ಲಿಲ್ಲ, 2007ರಲ್ಲಿ ಹರಾಜಾಯ್ತು. ಹರಾಜಲ್ಲಿ ಒಂದು ಪೆಟ್ಟಿಗೆ ಕೊಂಡ ಜಾನ್ ಮಲೂಫ್ ಅನ್ನೋ ಹುಡುಗ ತನ್ನ ಏರಿಯಾದ ಚರಿತ್ರೆ ಪುಸ್ತಕಕ್ಕೆ ಫೋಟೋ ಹುಡುಕ್ತಿದ್ದ, ಇವು ಉಪಯೋಗಕ್ಕೆ ಬರಲ್ಲ ಅಂತ ಮೊದಲು ಪಕ್ಕಕ್ಕಿಟ್ಟಿದ್ನಂತೆ. 2009ರ ಏಪ್ರಿಲಲ್ಲಿ ಮೇಯರ್ ತೀರ್ಕೊಂಡ್ರು, ಅವರು ಯಾರು ಅಂತ ಅವನಿಗೆ ಗೊತ್ತಾಗಿದ್ದು ಅದಾದ್ಮೇಲೆ. ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್, ತೊಳೆಯದ ರೀಲ್‌ಗಳು ರಾಶಿ. ಈಗ ನಾವು ನೋಡೋ ಮೇಯರ್ ಬಹುಪಾಲು ಚೌಕಾಕಾರ, ನೀಟಾದ ಕಪ್ಪು ಬಿಳುಪು ಪ್ರಿಂಟು. ಆದ್ರೆ ಅವರೇ ಬದುಕಿದ್ದಾಗ ಹಾಕಿಸಿದ ಪ್ರಿಂಟುಗಳಲ್ಲಿ ಎಷ್ಟೋ ಕಡೆ ಆ ಚೌಕನ ಕತ್ತರಿಸಿದಾರೆ. ಅವರ ಕಣ್ಣು ಆರಿಸಿದ್ದು ಬೇರೆ, ಇವತ್ತು ಗ್ಯಾಲರಿ ಗೋಡೆ ಮೇಲಿರೋದು ಬೇರೆ. ಜನ ಅವರ ನಿಗೂಢ ಜೀವನದ ಬಗ್ಗೆ ಮಾತಾಡೋದ್ರಲ್ಲಿ ಕಾಲು ಭಾಗ ಇದ್ರ ಬಗ್ಗೆ ಮಾತಾಡಿದ್ರೆ ಚೆನ್ನಾಗಿತ್ತು.

ಇದು ಹೊಸ ಕಥೆನೂ ಅಲ್ಲ. ಯೂಜೀನ್ ಆಟ್ಜೆ ಅಂತ ಒಬ್ಬ ಇದ್ದ, ಮೊದಲು ಹಡಗಿನ ಕೆಲ್ಸ, ಆಮೇಲೆ ನಾಟಕದ ನಟ, ಎರಡೂ ಕೈ ಹಿಡೀಲಿಲ್ಲ, ಪ್ಯಾರಿಸ್ಸಿನ ಹಳೇ ಬೀದಿ, ಅಂಗಡಿ ಮುಂಗಟ್ಟು, ಬೀದಿ ವ್ಯಾಪಾರಿಗಳನ್ನ ದೊಡ್ಡ ಮರದ ಕ್ಯಾಮೆರಾ ಹೊತ್ಕೊಂಡು ಗಾಜಿನ ಪ್ಲೇಟ್ ಮೇಲೆ ತೆಗೀತಿದ್ದ. ಚಿತ್ರಕಾರರಿಗೆ, ಮ್ಯೂಸಿಯಂಗೆ, ಲೈಬ್ರರಿಗೆ ಮಾರೋದು, ಜೀವನ ನಡೆಯೋದು. 1926ರಲ್ಲಿ ಮ್ಯಾನ್ ರೇ ಅನ್ನೋ ಕಲಾವಿದ ಇವನ ಒಂದು ಫೋಟೋನ, 1912ರ ಸೂರ್ಯಗ್ರಹಣ ನೋಡ್ತಾ ತಲೆ ಎತ್ತಿ ನಿಂತಿರೋ ಜನರ ಗುಂಪು, ಸರ್ರಿಯಲಿಸ್ಟರ (ಕನಸಿನಂಥ ಕಲೆ ಮಾಡ್ತಿದ್ದ ಗುಂಪು) ಪತ್ರಿಕೆ ಮುಖಪುಟಕ್ಕೆ ಹಾಕಿದಾಗ ಆಟ್ಜೆ, ನನ್ನ ಹೆಸರು ಹಾಕ್ಬೇಡಿ, ಇವೆಲ್ಲ ಬರೀ ದಾಖಲೆ ಅಂದ. 1927ರಲ್ಲಿ ಸತ್ತ. ಮ್ಯಾನ್ ರೇ ಹತ್ರ ಕೆಲ್ಸಕ್ಕಿದ್ದ ಬೆರೆನಿಸ್ ಆಬಟ್ ಅನ್ನೋ ಅಮೆರಿಕಾದ ಹೆಣ್ಮಗಳು ಅವನ ಮನೇಲಿದ್ದ ಸಾವಿರಗಟ್ಲೆ ಪ್ರಿಂಟು, ಪ್ಲೇಟು ಕೊಂಡ್ಕೊಂಡು ಹಡಗು ಹತ್ತಿಸಿ ನ್ಯೂಯಾರ್ಕಿಗೆ ತಂದು ನಲವತ್ತು ವರ್ಷ ಕಾಪಾಡಿದ್ರು, 1968ರಲ್ಲಿ ಅದೇ ಮಾಡರ್ನ್ ಆರ್ಟ್ ಮ್ಯೂಸಿಯಂಗೆ ಹೋಯ್ತು. ವಾಕರ್ ಇವಾನ್ಸ್ ಆಟ್ಜೆನ ಕಂಡಿದ್ದು ಆಬಟ್ ಮೂಲಕ, ಫ್ರಾಂಕ್‌ಗೆ ದಾರಿ ಮಾಡಿಕೊಟ್ಟೋರು ಇವಾನ್ಸ್. ಆಬಟ್ ಅವತ್ತು ದುಡ್ಡು ಹೊಂದಿಸದೇ ಹೋಗಿದ್ರೆ ಈ ಸರಪಳಿ ಹೇಗಿರ್ತಿತ್ತು ಹೇಳಿ.

ಅದೇ ಮ್ಯೂಸಿಯಂ ಅಂದೆ ಅಲ್ವಾ, ಗಮನಿಸಿ. ಇವಾನ್ಸ್ ಪ್ರದರ್ಶನ 1938, ಹೆಲೆನ್ ಲೆವಿಟ್ 1943, ಬ್ರೆಸೋ 1947, 1967ರಲ್ಲಿ ಡಯಾನ್ ಆರ್ಬಸ್, ಲೀ ಫ್ರೀಡ್‌ಲ್ಯಾಂಡರ್, ವಿನೋಗ್ರಾಂಡ್ ಮೂವರೂ ಒಟ್ಟಿಗೆ, ಎಲ್ಲಾ ಅಲ್ಲೇ. ಸಾರ್ಕೋವ್‌ಸ್ಕಿ 1962ರಿಂದ 1991ರವರೆಗೂ ಅಲ್ಲಿನ ಫೋಟೋಗ್ರಫಿ ವಿಭಾಗದ ಮುಖ್ಯಸ್ಥರು. ಸ್ಟ್ರೀಟ್ ಫೋಟೋಗ್ರಫಿಯ ಇತಿಹಾಸ ಅಂತ ನಾವೆಲ್ಲ ಓದೋದು ಬಹುಪಾಲು ನ್ಯೂಯಾರ್ಕಿನ ಒಂದು ಕಟ್ಟಡದ ಒಂದು ಡಿಪಾರ್ಟ್‌ಮೆಂಟಿನ ಆಯ್ಕೆ. ಕೆಟ್ಟ ಆಯ್ಕೆ ಅಂತಲ್ಲ, ಆ ಮನುಷ್ಯನ ಕಣ್ಣು ಒಳ್ಳೇದೇ ಇತ್ತು. ಆದ್ರೂ.

ಇನ್ನು ಲೆವಿಟ್. ಹಾರ್ಲೆಮ್ ಕಡೆ ಬೀದಿ ಮಕ್ಕಳ ಆಟ, ರಸ್ತೆ ಮೇಲೆ ಸೀಮೆಸುಣ್ಣದ ಚಿತ್ರ, ಇವನ್ನೆಲ್ಲ ತೆಗೆದೋರು. ಲೆನ್ಸ್ ಒಂದು ಕಡೆ, ಇವರು ನೋಡೋದು ಇನ್ನೊಂದು ಕಡೆ, ಅಂಥಾ ಅಡ್ಡ ವ್ಯೂಫೈಂಡರ್ ಹಾಕ್ಕೊಂಡಿದ್ರು. 1959ರಲ್ಲೇ ಕಲರಲ್ಲಿ ಬೀದಿ ತೆಗೆಯೋಕೆ ಶುರು ಮಾಡಿದ್ರು. 1970ರಲ್ಲಿ ಮನೆಗೆ ಕಳ್ಳ ನುಗ್ಗಿ ಆ ಕಲರ್ ಸ್ಲೈಡುಗಳಲ್ಲಿ ಹೆಚ್ಚಿನದ್ದು ಹೊತ್ಕೊಂಡು ಹೋದ. ಯಾಕೆ ಬೇಕಿತ್ತೋ ಅವನಿಗೆ! ಈಗ ಉಳಿದಿರೋದ್ರಲ್ಲಿ ಬಹುಪಾಲು ಅವರು ಮತ್ತೆ ಬೀದಿಗಿಳಿದು ತೆಗೆದಿದ್ದು, 1974ರಲ್ಲಿ ಮ್ಯೂಸಿಯಂನಲ್ಲಿ ಸ್ಲೈಡ್ ಶೋ ಆಗಿ ತೋರಿಸಿದ್ರು. ಅವರ ಕಲರ್ ಕೆಲ್ಸದ ಮೊದಲ ಎಡಿಟರ್ ಒಬ್ಬ ಕಳ್ಳ.

ಇಷ್ಟೆಲ್ಲ ಯಾರು ಆರಿಸಿದ್ರು ಅಂತ ಮಾತಾಡ್ತಾ ಫೋಟೋ ಒಳಗಿರೋ ಜನನ್ನ ಮರೆತ್ವಿ. ಅವರನ್ನ ಯಾರೂ ಕೇಳಲ್ಲ. ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕ್ ಸಬ್‌ವೇಲಿ, ಕೋಟಿನ ಗುಂಡಿ ಸಂದೀಲಿ ಲೆನ್ಸ್ ಇಣುಕಿಸಿ, ಶಟರ್ ಒತ್ತೋ ಕೇಬಲ್‌ನ ತೋಳಿನೊಳಗೆ ಇಳಿಸಿ, ಎದುರು ಸೀಟಿನೋರ ಫೋಟೋ ಕದ್ದು ತೆಗೆದ್ರು. ಆದ್ರೆ ಪುಸ್ತಕ ಬಂದಿದ್ದು 1966ರಲ್ಲಿ! ಇಪ್ಪತ್ತೈದು ವರ್ಷ ಸುಮ್ನಿದ್ರು, ಕದ್ದು ತೆಗೆದ ಮುಖಗಳು ಅನ್ನೋ ಅಳುಕು ಅದಕ್ಕೆ ಒಂದು ಕಾರಣ. ಇದಕ್ಕೆ ಪೂರ್ತಿ ಉಲ್ಟಾ ಫಿಲಿಪ್ ಲೋರ್ಕಾ ಡಿಕೋರ್ಸಿಯಾ, ಟೈಮ್ಸ್ ಸ್ಕ್ವೇರಲ್ಲಿ ಮೇಲೆ ಫ್ಲ್ಯಾಶ್ ಕಟ್ಟಿ ದೂರದಿಂದ ಸಾವಿರಾರು ಜನರನ್ನ ತೆಗೆದು ಅದ್ರಲ್ಲಿ 17 ಆರಿಸಿ 2001ರಲ್ಲಿ ಪ್ರದರ್ಶನ ಇಟ್ಟ, ಒಂದೊಂದು ಪ್ರಿಂಟು ಹತ್ತಾರು ಸಾವಿರ ಡಾಲರ್. ಅದ್ರಲ್ಲಿದ್ದ ಒಬ್ಬ ಯಹೂದಿ ಹಿರಿಯರು ನನ್ನ ಧರ್ಮಕ್ಕೆ ವಿರುದ್ಧ, ನಂಗೆ ಗೊತ್ತೇ ಇಲ್ಲದೆ ತೆಗೆದಿದಾರೆ ಅಂತ ಕೋರ್ಟಿಗೆ ಹೋದ್ರು, 2006ರಲ್ಲಿ ಕೇಸು ವಜಾ ಆಯ್ತು, ಕಲೆ ಅಂತ. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಒಂಬತ್ತು ಜನ ಜಡ್ಜ್‌ಗಳು ಹೇಳಿದ್ದು 2017ರಲ್ಲಿ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು, ಆಧಾರ್ ವಿಷ್ಯಕ್ಕೆ. ರಸ್ತೇಲಿ ಫೋಟೋ ತೆಗೀಬಾರ್ದು ಅಂತ ಆ ತೀರ್ಪು ಹೇಳಲ್ಲ. ಆದ್ರೆ ಅವಿನ್ಯೂ ರೋಡಲ್ಲಿ ಒಬ್ಬ ಅಜ್ಜಿ ಸೆರಗು ಮುಖಕ್ಕೆ ಎಳ್ಕೊಂಡ್ರೆ ಆ ಫ್ರೇಮು ಎಷ್ಟೇ ಚೆನ್ನಾಗಿ ಬಂದಿರ್ಲಿ, ನಾನು ಅದನ್ನ ಆರಿಸಲ್ಲ. ಅಷ್ಟು ತೀರ್ಮಾನಕ್ಕೆ ಕೋರ್ಟು ಬೇಕಿಲ್ಲ.

ನಮ್ಮ ಕಡೆ ಆರಿಸ್ತಿದ್ದೋರು ಯಾರು ಅಂತ ಯೋಚಿಸಿದ್ರೆ ಎರಡು ಉತ್ತರ. ಒಂದು, ಸಲೋನ್ (ಅಂದ್ರೆ ಫೋಟೋ ಸ್ಪರ್ಧೆ) ಜಡ್ಜುಗಳು. ಬೆಂಗಳೂರು ಮೈಸೂರಲ್ಲಿ ಫೋಟೋಗ್ರಫಿ ಕ್ಲಬ್ಬುಗಳು ಬಹಳ ಹಳೇವು, ಗಟ್ಟಿ ಪರಂಪರೆ, ವನ್ಯಜೀವಿ ಫೋಟೋಗ್ರಫೀಲಂತೂ ಇಲ್ಲಿನೋರು ಲೋಕಕ್ಕೇ ಗೊತ್ತು. ಆದ್ರೆ ಮೆಡಲ್ ಬರೋದು ಎಂಥದ್ದಕ್ಕೆ ಅಂದ್ರೆ ಧೂಳೆಬ್ಬಿಸ್ಕೊಂಡು ಹೋಗೋ ಕುರಿ ಮಂದೆ, ಮರದ ಮಧ್ಯೆ ಇಳಿಯೋ ಬೆಳಗಿನ ಬಿಸಿಲ ಕೋಲು, ಕೆಂಪು ರುಮಾಲಿನ ಅಜ್ಜ. ಫ್ರಾಂಕ್ ಏನಾದ್ರೂ ಆ ಟ್ರಾಲಿ ಫೋಟೋನ ನಮ್ಮ ಸಲೋನಿಗೆ ಕಳಿಸಿದ್ರೆ ಒಂದು ಅಕ್ಸೆಪ್ಟೆನ್ಸೂ ಸಿಕ್ತಿರ್ಲಿಲ್ಲ ಅಂತ ನನ್ನ ನಂಬಿಕೆ.

ಇನ್ನೊಂದು, ಪತ್ರಿಕೆ. ಇಲ್ಲಿ ಬರೋರು ನಮ್ಮ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿದ ಮೈಸೂರಿನೋರು, ಮಹಾರಾಜ ಕಾಲೇಜಲ್ಲಿ ಓದಿದೋರು, ಡೆಕ್ಕನ್ ಹೆರಾಲ್ಡ್, ಇಲ್ಲಸ್ಟ್ರೇಟೆಡ್ ವೀಕ್ಲಿ ಅಂತ ಶುರು ಮಾಡಿ ಆಮೇಲೆ ಲೈಫ್, ಟೈಮ್ ಪತ್ರಿಕೆಗಳಿಗೆ ಕೆಲ್ಸ ಮಾಡಿದ್ರು, 1977ರಲ್ಲಿ ಪದ್ಮಶ್ರೀ. 1979ರ ಮಕ್ಕಳ ವರ್ಷಕ್ಕೆ ವಿಶ್ವಸಂಸ್ಥೇಲಿ ಅವರ ಫೋಟೋ ಪ್ರದರ್ಶನ ಆಯ್ತು. ಅವರನ್ನ ಎಲ್ರೂ ಪತ್ರಿಕಾ ಛಾಯಾಗ್ರಾಹಕ ಅಂತಾರೆ, ಸರಿ. ಆದ್ರೆ ಸ್ಕೂಲಿಗೆ ಹೋಗೋ ಮಕ್ಕಳು, ಬೀದೀಲಿ ನಗ್ತಿರೋ ಜನ, ಕೆಲ್ಸದ ಮಧ್ಯೆ ಸುಮ್ನೆ ಕೂತೋರು, ಇವರೆಲ್ಲ ಇರೋ ಆ ಫೋಟೋಗಳನ್ನ ನೋಡಿ, ಯಾವ ಸುದ್ದಿನೂ ಇಲ್ಲ ಅಲ್ಲಿ. ಬಡತನ ತೋರಿಸಿ ಕನಿಕರ ಕೇಳಲ್ಲ, ಚಂದ ಮಾಡಿ ಮಾರಲ್ಲ. ಎಡಿಟರುಗಳು ಬೇಡ ಅಂತ ಬಿಟ್ಟ ಫ್ರೇಮುಗಳಲ್ಲಿ ಇನ್ನೆಂಥಾ ಬೀದಿ ಇರ್ಬೋದು ಅನ್ನೋದೇ ನನ್ನ ಕುತೂಹಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯಾಪ್ (ಕಲೆ ಮತ್ತು ಫೋಟೋಗ್ರಫಿ) ಮ್ಯೂಸಿಯಂನಲ್ಲಿ ಅವರ ಪ್ರದರ್ಶನ ಆಗಿತ್ತು, ಅಂಥದ್ದು ಇನ್ನೂ ಹತ್ತು ಆಗ್ಬೇಕು.

ಜೈಪುರದ ರಘುಬೀರ್ ಸಿಂಗ್ ಹೆಸರು ಹೇಳ್ದೇ ಮುಂದೆ ಹೋಗೋಕಾಗಲ್ಲ. 1966ರಲ್ಲಿ ಬ್ರೆಸೋ ಜೈಪುರಕ್ಕೆ ಬಂದಾಗ ಜೊತೆಗಿದ್ದು ಕೆಲ್ಸ ಮಾಡೋದನ್ನ ನೋಡಿದೋರು, ಆದ್ರೆ ಗುರುವಿಗೆ ಆಗದ ಕಲರನ್ನೇ ಹಿಡಿದ್ರು. ಅಂಬಾಸಿಡರ್ ಕಾರಿನ ಕಿಟಕಿ ಬಾಗಿಲನ್ನೇ ಚೌಕಟ್ಟು ಮಾಡ್ಕೊಂಡು ದೇಶ ತೆಗೆದಿದ್ದಾರೆ, ಆ ಪುಸ್ತಕ ಬಂದಿದ್ದು ಅವರು ತೀರ್ಕೊಂಡ ಮೇಲೆ, 2002ರಲ್ಲಿ. ಒಂದೇ ಫ್ರೇಮೊಳಗೆ ಐದಾರು ಘಟನೆ ಇರುತ್ತೆ, ಯಾವ್ದನ್ನ ನೋಡ್ಬೇಕು ಅಂತ ನಮ್ಮ ಕಣ್ಣೇ ಆರಿಸ್ಬೇಕು. ನಂಗೆ ಬ್ರೆಸೋಗಿಂತ ಇವರು ಇಷ್ಟ, ಹೇಳಿಬಿಡ್ತೀನಿ.

ಕೊನೆಗೆ ಈ ಆಯ್ಕೆ ಅನ್ನೋದನ್ನೇ ಆಟ ಮಾಡ್ಕೊಂಡ ಒಬ್ಬ ಮನುಷ್ಯ, ಜಪಾನಿನ ದೈದೋ ಮೊರಿಯಾಮಾ. ಕಾಳುಕಾಳಾದ, ಅಲುಗಿದ, ಫೋಕಸ್ ತಪ್ಪಿದ ಫೋಟೋಗಳು, 1971ರ ಆ ಬೀದಿ ನಾಯಿ ನಮ್ಮನ್ನೇ ತಿರುಗಿ ನೋಡೋ ಫೋಟೋ ಎಲ್ಲಾದ್ರೂ ನೋಡಿರ್ತೀರ. 1972ರಲ್ಲಿ ಒಂದು ಪುಸ್ತಕ ಮಾಡ್ದ, ಅದ್ರಲ್ಲಿ ಬಿಸಾಕಿದ ನೆಗೆಟಿವ್, ಗೀರು ಬಿದ್ದ ಫಿಲ್ಮು, ರೀಲಿನ ತುದಿಯ ಹಾಳಾದ ಫ್ರೇಮು, ಅಂಥವೇ. ಎಲ್ರೂ ಕಸದ ಬುಟ್ಟಿಗೆ ಹಾಕೋದನ್ನೇ ಇವನು ಆರಿಸಿದ. 1974ರಲ್ಲಿ ಟೋಕಿಯೋದಲ್ಲಿ ಒಂದು ಜೆರಾಕ್ಸ್ ಮಷಿನ್ ಇಟ್ಕೊಂಡು ನ್ಯೂಯಾರ್ಕ್ ಫೋಟೋಗಳನ್ನ ಅಲ್ಲೇ ಕಾಪಿ ಮಾಡಿ ಪುಸ್ತಕ ಮಾಡಿ ಬಂದೋರಿಗೆ ಕೊಟ್ಟ. 2011ರಲ್ಲಿ ನ್ಯೂಯಾರ್ಕಲ್ಲಿ ಅದನ್ನ ಮತ್ತೆ ಮಾಡಿದಾಗ ಇನ್ನೂ ಮುಂದೆ ಹೋಗಿ, ಬಂದ ಜನಾನೇ ಗೋಡೆ ಮೇಲಿನ ಫೋಟೋಗಳಲ್ಲಿ ತಮಗೆ ಬೇಕಾದ್ದನ್ನ ತಮಗೆ ಬೇಕಾದ ಕ್ರಮದಲ್ಲಿ ಆರಿಸ್ಕೊಂಡ್ರು, ಅದೇ ಪುಸ್ತಕ ಆಯ್ತು. ಒಬ್ಬೊಬ್ಬರ ಕೈಲೂ ಒಂದೊಂದು ಬೇರೆ ಮೊರಿಯಾಮಾ. ಫ್ರಾಂಕ್ ಒಂದು ವರ್ಷ ಗೋಡೆ ಮುಂದೆ ಒದ್ದಾಡಿದ ಕೆಲ್ಸನ ಇವನು ಬಂದೋರ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತ.

ಮುಂದಿನ ಸಲ ನಮ್ಮ ಫೋಟೋ ವಾಕ್ ಗುಂಪಲ್ಲಿ ಇದನ್ನೇ ಮಾಡೋಣ ಅಂತ ಮಾತಾಗಿದೆ. ಪ್ರತಿಯೊಬ್ರೂ ಒಂದು ಬೆಳಿಗ್ಗೆ ತೆಗೆದ ಅಷ್ಟೂ ಫೋಟೋನ, ಡಿಲೀಟ್ ಮಾಡ್ದೆ, ಚಿಕ್ಕ ಚಿಕ್ಕದಾಗಿ ಹಾಳೆ ಮೇಲೆ ಪ್ರಿಂಟ್ ತೆಗೆಸಿ ತರ್ಬೇಕು, ಎಸ್‌.ಪಿ. ರೋಡ್ ಹತ್ರ ಜೆರಾಕ್ಸ್ ಅಂಗಡೀಲಿ ಜಾಸ್ತಿ ಖರ್ಚಾಗಲ್ಲ. ಹಾಳೆ ಪಕ್ಕದೋರಿಗೆ ಕೊಡ್ಬೇಕು, ಅವರು ಕೆಂಪು ಪೆನ್ಸಿಲಲ್ಲಿ ಮೂರಕ್ಕೆ ಚೌಕ ಹಾಕ್ಬೇಕು, ತೆಗೆದೋರು ಬಾಯಿ ಬಿಡ್ಬಾರ್ದು. ಇಬ್ಬರು ಆಗ್ಲೇ ನಾವು ಬರಲ್ಲ ಅಂದಿದಾರೆ, ಡಿಲೀಟ್ ಮಾಡದೇ ಇರೋದು ಆಗಲ್ವಂತೆ.